ತಲೆ ಎಣಿಸಿದಾಗ ಒಂದು ಕಡಿಮೆ

ಇದು ಜುಲೈ ತಿಂಗಳ ಒಂದು ಭಾನುವಾರ ಮಡಿಕೇರಿಯಲ್ಲಿ ಆಡಿದ ಮಾತು. ಮೊದಲು 'ಪಿಕ್ನಿಕ್ ಅಟ್ ಹ್ಯಾಂಗಿಂಗ್ ರಾಕ್' ಎಂಬ ಸಿನಿಮಾ ತೋರಿಸಿದೆವು, ಪಿಕ್ನಿಕ್ ಹೋದ ಶಾಲೆಯ ಹುಡುಗಿಯರು ಕಾಣೆಯಾಗುವ ಕಥೆ. ಆಮೇಲೆ ನಾನು ಮಾತಾಡಿದೆ. ನಡುವೆ ಎರಡು ಸಲ ಕರೆಂಟ್ ಹೋಯಿತು. ಮಳೆಯಿಂದಾಗಿ ಬರಲಾಗದವರು ಬರೆದು ಕೊಡಿ ಎಂದು ಕೇಳಿದ್ದರಿಂದ ಬರೆದಿದ್ದೇನೆ. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ. ಕಥೆ ಮೊದಲೇ ಗೊತ್ತಾಗುವುದು ಬೇಡ ಅನ್ನುವವರು ಸಿನಿಮಾ ನೋಡಿಕೊಂಡು ಬಂದು ಓದಿ. ಆದರೆ ಈ ಸಿನಿಮಾ ಕಥೆ ಗೊತ್ತಿದ್ದರೂ ಕೆಡುವಂಥದ್ದಲ್ಲ.

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲಿ ಬಂದಿದ್ದೀರಿ. ನಾಪೋಕ್ಲಿನಿಂದ, ಮೂರ್ನಾಡಿನಿಂದ, ಸೋಮವಾರಪೇಟೆಯಿಂದ ಬಂದವರಿದ್ದೀರಿ. ಕಡೆಯ ಬಸ್ಸಿನ ಹೊತ್ತು ನನಗೂ ಗೊತ್ತು, ಅದಕ್ಕಿಂತ ಮುಂಚೆ ಮುಗಿಸುತ್ತೇನೆ.

ಈಗ ಸಿನಿಮಾ ಮುಗಿದು ದೀಪ ಹಾಕಿದರಲ್ಲ, ಆಗ ಮುಂದಿನ ಸಾಲಿನಲ್ಲಿ ಕೂತಿರುವ ಈ ಅಜ್ಜ ನನ್ನ ಕಡೆ ತಿರುಗಿ, 'ಹುಡುಗಿಯರು ಎಲ್ಲಿಗೆ ಹೋದರು ಮಗಳೇ?' ಎಂದು ಕೇಳಿದರು. ತಮ್ಮ ಮನೆಯ ಮಕ್ಕಳನ್ನು ಕೇಳಿದ ಹಾಗೆ ಕೇಳಿದರು. ನನಗೂ ಗೊತ್ತಿಲ್ಲ ಅಜ್ಜ ಎಂದೆ. ತಲೆ ಆಡಿಸಿದರು, ಆದರೆ ಸಮಾಧಾನ ಆಗಲಿಲ್ಲ ಎಂದು ಮುಖದಲ್ಲೇ ಕಾಣುತ್ತಿತ್ತು. ಇವತ್ತಿನ ನನ್ನ ಮಾತೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ. ಈ ಸಿನಿಮಾ ಅದಕ್ಕೆ ಉತ್ತರ ಕೊಡುವುದಿಲ್ಲ. ಉತ್ತರ ಕೊಡದೆಯೂ ಸುಮಾರು 50 ವರ್ಷದಿಂದ ಜನ ಇದನ್ನು ಮತ್ತೆ ಮತ್ತೆ ನೋಡುತ್ತಿದ್ದಾರೆ. ಯಾಕೆ?

ನನ್ನದೇ ಒಂದು ನೆನಪಿನಿಂದ ಶುರು ಮಾಡುತ್ತೇನೆ. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ನಮ್ಮನ್ನು ಒಂದು ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದರು. ಅಕ್ಟೋಬರ್ ತಿಂಗಳು. ಮಳೆ ಮುಗಿಯಿತು ಅಂದುಕೊಂಡು ಹೊರಟಿದ್ದೆವು. ಡಬ್ಬಿಯಲ್ಲಿ ಚಿತ್ರಾನ್ನ, ಕಾಲಿಗೆ ಜಿಗಣೆ ಹತ್ತದಿರಲಿ ಎಂದು ಸುಣ್ಣ, ಹೊಗೆಸೊಪ್ಪು. ಮೇಲೆ ಹೋಗಿ ಊಟ ಮಾಡಿ ಕೂತಿದ್ದಾಗ ಮಂಜು ಬಂತು. ನಮ್ಮಲ್ಲಿ ಮಂಜು ಹೇಗೆ ಬರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕೆಳಗಿನ ಕಣಿವೆಯಲ್ಲಿ ಹತ್ತಿಯ ಹಾಗೆ ಬಿದ್ದಿರುತ್ತದೆ, ಚಂದ ಇದೆ ಎಂದು ನೋಡುತ್ತಿರುವಾಗಲೇ ಮೇಲಕ್ಕೆ ಏಳುತ್ತದೆ, ಆಮೇಲೆ ನಮ್ಮ ಕೈ ನಮಗೆ ಕಾಣುವುದಿಲ್ಲ. ಟೀಚರ್ ತಲೆ ಎಣಿಸಿದರು. ನಾವು 38 ಜನ. 37 ಬಂತು. ಮತ್ತೆ ಎಣಿಸಿದರು. 37. ಮೂರನೇ ಸಲ ಎಣಿಸುವಾಗ ಅವರ ದನಿ ಬೇರೆಯಾಗಿತ್ತು. ಇಲ್ಲದಿದ್ದದ್ದು ನನ್ನ ಬೆಂಚಿನ ಹುಡುಗಿ.

ಎಲ್ಲರೂ ಸೇರಿ ಕೂಗಿದೆವು. ಮಂಜಿನಲ್ಲಿ ಕೂಗಿದರೆ ದನಿ ದೂರ ಹೋಗದೆ ನಮ್ಮ ಬಾಯಿಯ ಮುಂದೆಯೇ ನಿಂತ ಹಾಗೆ ಇರುತ್ತದೆ, ಅಲ್ವಾ? ಸುಮಾರು ಇಪ್ಪತ್ತು ನಿಮಿಷ ಆಗಿರಬಹುದು. ಮಂಜು ಸ್ವಲ್ಪ ಸರಿಯಿತು. ಅವಳು ಅಲ್ಲೇ ಇದ್ದಳು. ನಾವು ನಿಂತ ಜಾಗದಿಂದ ಹತ್ತು ಮಾರು ದೂರದಲ್ಲಿ, ಒಂದು ಕಲ್ಲಿನ ಮೇಲೆ, ಕಾಲು ಇಳಿಬಿಟ್ಟು ಕೂತಿದ್ದಳು. ಟೀಚರ್ ಓಡಿ ಹೋಗಿ ತಬ್ಬಿಕೊಂಡರು, ಆಮೇಲೆ ಬೈದರು. ಕೆಳಗಿಳಿಯುವಾಗ ನಾನು ಕೇಳಿದೆ, ನಾವು ಕರೆದದ್ದು ಕೇಳಿಸಲಿಲ್ವಾ ಎಂದು. ಕೇಳಿಸಿತು, ಆದರೆ ಓಗೊಡಬೇಕು ಅಂತ ಅನ್ನಿಸಲಿಲ್ಲ ಎಂದಳು.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅವಳು ಈಗ ಮೈಸೂರಿನಲ್ಲಿದ್ದಾಳೆ. ಹೋದ ವರ್ಷ ಫೋನ್ ಮಾಡಿ ಕೇಳಿದೆ, ಅವತ್ತು ಯಾಕೆ ಹಾಗಂದೆ ಎಂದು. 'ನನಗೆ ನೆನಪೇ ಇಲ್ಲ ಕಣೇ' ಎಂದಳು.

ಈಗ ಸಿನಿಮಾಕ್ಕೆ ಬರುತ್ತೇನೆ. 'ಪಿಕ್ನಿಕ್ ಅಟ್ ಹ್ಯಾಂಗಿಂಗ್ ರಾಕ್', 1975ರದ್ದು, ಆಸ್ಟ್ರೇಲಿಯಾದ ಸಿನಿಮಾ. ನಿರ್ದೇಶಕ ಪೀಟರ್ ವಿಯರ್‌ಗೆ ಆಗ 30 ವಯಸ್ಸು, ಇದು ಅವರ ಎರಡನೇ ದೊಡ್ಡ ಸಿನಿಮಾ. ಆಮೇಲೆ ಹಾಲಿವುಡ್‌ಗೆ ಹೋಗಿ ದೊಡ್ಡ ಹೆಸರು ಮಾಡಿದರು, 2022ರಲ್ಲಿ ಅವರಿಗೆ ಗೌರವ ಆಸ್ಕರ್ ಕೊಟ್ಟರು. ಆದರೆ ಈ ಸಿನಿಮಾ ಮಾಡುವಾಗ ಯಾವ ದೊಡ್ಡ ಸ್ಟುಡಿಯೋ ಬೆನ್ನಿಗಿರಲಿಲ್ಲ. ಟಿವಿಯಲ್ಲಿ ಕಾರ್ಯಕ್ರಮ ನಡೆಸಿಕೊಡುತ್ತಿದ್ದ ಪೆಟ್ರೀಶಿಯಾ ಲೋವೆಲ್ ಎಂಬ ಹೆಣ್ಣುಮಗಳು ಜೋನ್ ಲಿಂಡ್ಸೆಯ ಕಾದಂಬರಿ ಓದಿ, ಇದು ಸಿನಿಮಾ ಆಗಲೇಬೇಕು ಎಂದು ಹಕ್ಕು ಪಡೆದು, ನಿರ್ದೇಶಕರನ್ನು ಹುಡುಕಿಕೊಂಡು ಹೋದರು. ಖರ್ಚಾದದ್ದು ಐದು ಲಕ್ಷ ಆಸ್ಟ್ರೇಲಿಯನ್ ಡಾಲರ್‌ಗಿಂತ ಕಡಿಮೆ.

ಕಥೆ ನೀವೇ ನೋಡಿದಿರಿ. 1900ನೇ ಇಸವಿ, ಫೆಬ್ರವರಿ 14. ಹುಡುಗಿಯರ ಒಂದು ವಸತಿ ಶಾಲೆ. ಹೆಡ್ ಮೇಡಂ ಮಿಸೆಸ್ ಆ್ಯಪಲ್‌ಯಾರ್ಡ್. ಮಕ್ಕಳು ಕುದುರೆ ಗಾಡಿಯಲ್ಲಿ ಹ್ಯಾಂಗಿಂಗ್ ರಾಕ್ ಎಂಬ ಬಂಡೆಬೆಟ್ಟಕ್ಕೆ ಪಿಕ್ನಿಕ್ ಹೊರಡುತ್ತಾರೆ. ಸೆಖೆ ಇರುವುದರಿಂದ ಕೈಗವಸು ತೆಗೆಯಬಹುದು, ಆದರೆ ಗಾಡಿ ವುಡೆಂಡ್ ಪೇಟೆ ದಾಟಿದ ಮೇಲೆ ಮಾತ್ರ ಎಂದು ಮೇಡಂ ಅಪ್ಪಣೆ ಕೊಡುತ್ತಾರೆ. ಅಷ್ಟು ಶಿಸ್ತು. ಊಟ ಆಗಿ ಎಲ್ಲರೂ ಮಂಪರಿನಲ್ಲಿರುವಾಗ ನಾಲ್ಕು ಹುಡುಗಿಯರು ಬಂಡೆ ಹತ್ತುತ್ತಾರೆ. ಮಿರಾಂಡಾ, ಮೇರಿಯನ್, ಇರ್ಮಾ, ಈಡಿತ್. ಅರ್ಧ ದಾರಿಯಲ್ಲಿ ಮೂವರು ಬೂಟು, ಕಾಲುಚೀಲ ಕಳಚಿ ಬರಿಗಾಲಲ್ಲಿ ನಡೆಯುತ್ತಾರೆ. ಒಂದು ಬಂಡೆಯ ಹಿಂದೆ ಹೋಗುತ್ತಾರೆ. ಈಡಿತ್ ಚೀರಿಕೊಂಡು ಕೆಳಗೆ ಓಡುತ್ತಾಳೆ. ಅವರನ್ನು ನೋಡಿಕೊಳ್ಳಬೇಕಿದ್ದ ಗಣಿತದ ಟೀಚರ್ ಮಿಸ್ ಮೆಕ್ರಾ ಕೂಡ ಕಾಣೆಯಾಗುತ್ತಾರೆ. ಕೆಲವು ದಿನಗಳ ಮೇಲೆ ಇರ್ಮಾ ಒಬ್ಬಳು ಜೀವಂತ ಸಿಗುತ್ತಾಳೆ. ಅವಳಿಗೆ ಏನೂ ನೆನಪಿಲ್ಲ. ಉಳಿದವರು ಸಿಗುವುದೇ ಇಲ್ಲ.

ಇಷ್ಟೇ. ಇದರಲ್ಲಿ ಪತ್ತೇದಾರ ಇಲ್ಲ. ಕೊಲೆಗಾರ ಇದ್ದಾನೋ ಇಲ್ಲವೋ ಗೊತ್ತಿಲ್ಲ.

ನಾನು ಮೊದಲ ಸಲ ನೋಡಿದಾಗ ನನ್ನನ್ನು ಹಿಡಿದು ಕೂರಿಸಿದ್ದು ಹೊತ್ತು. ನಮ್ಮಲ್ಲಿ ಹೆದರಿಕೆಯ ಸಿನಿಮಾ ಅಂದರೆ ಕತ್ತಲೆ, ಮಳೆ, ಮಂಜು, ಗಾಳಿಗೆ ಬಡಿದುಕೊಳ್ಳುವ ಕಿಟಕಿ. ಇಲ್ಲಿ ಅದೇನೂ ಇಲ್ಲ. ಆಸ್ಟ್ರೇಲಿಯಾದಲ್ಲಿ ಫೆಬ್ರವರಿ ಅಂದರೆ ಬೇಸಿಗೆ. ನೆತ್ತಿಯ ಮೇಲೆ ಬಿಸಿಲು, ಬಿಳಿ ಬಟ್ಟೆಯ ಮಕ್ಕಳು, ಕತ್ತರಿಸಿದ ಕೇಕು, ಅದಕ್ಕೆ ಮುತ್ತಿದ ಇರುವೆ. ಗಾಡಿಯವನು ಗಡಿಯಾರ ನೋಡುತ್ತಾನೆ, ಹನ್ನೆರಡಕ್ಕೆ ನಿಂತಿದೆ. ಟೀಚರ್ ಗಡಿಯಾರವೂ ಹನ್ನೆರಡಕ್ಕೇ ನಿಂತಿದೆ. ಮಟಮಟ ಮಧ್ಯಾಹ್ನ! ನಮ್ಮಜ್ಜಿ ಮಟಮಟ ಮಧ್ಯಾಹ್ನ ಹೊಳೆ ಕಡೆ ಹೋಗಬೇಡ, ದೊಡ್ಡ ಮರದ ಕೆಳಗೆ ಒಬ್ಬಳೇ ನಿಲ್ಲಬೇಡ ಎನ್ನುತ್ತಿದ್ದರು. ರಾತ್ರಿಯ ಬಗ್ಗೆ ಅಷ್ಟು ಹೇಳುತ್ತಿರಲಿಲ್ಲ, ರಾತ್ರಿ ಹೇಗೂ ನಾವು ಮನೆಯೊಳಗೆ ಇರುತ್ತಿದ್ದೆವು. ಎಲ್ಲರೂ ಉಂಡು ಕಣ್ಣು ಮುಚ್ಚುವ ಹೊತ್ತು, ಯಾರೂ ಯಾರನ್ನೂ ನೋಡದ ಹೊತ್ತು ಅದು. ಈ ಸಿನಿಮಾ ನೋಡುವಾಗ ಅಜ್ಜಿ ಹೇಳಿದ್ದರ ಅರ್ಥ ನನಗೆ ತಿಳಿಯಿತು.

ಇನ್ನು ಆ ಬಂಡೆ. ಅದು ನಿಜವಾದ ಜಾಗ, ಮೆಲ್ಬರ್ನ್‌ನಿಂದ ಸುಮಾರು 70 ಕಿಲೋಮೀಟರ್. ಸುತ್ತಲಿನ ಬಯಲಿನಿಂದ ನೂರು ಮೀಟರ್ ಚಿಲ್ಲರೆ ಎತ್ತರ, ಅಷ್ಟೇ. ನಮ್ಮ ತಡಿಯಂಡಮೋಳ್ ಬೆಟ್ಟ ಸಮುದ್ರಮಟ್ಟದಿಂದ 1748 ಮೀಟರ್. ಅದರ ಪಕ್ಕ ಇಟ್ಟರೆ ಇದು ಒಂದು ಸಣ್ಣ ಗುಡ್ಡವೂ ಅಲ್ಲ. ಆದರೆ ಸುಮಾರು 60 ಲಕ್ಷ ವರ್ಷದ ಹಿಂದೆ ನೆಲದಿಂದ ಉಕ್ಕಿ ಬಂದ ದಪ್ಪ ಲಾವಾ ಗಟ್ಟಿಯಾಗಿ, ಆಮೇಲೆ ಬಿರಿದು, ಸವೆದು ಆದ ಕಲ್ಲು ಅದು. ಅದಕ್ಕೇ ಕಂಬ ಕಂಬವಾಗಿ, ನಡುವೆ ಸಂದುಗಳಾಗಿ ನಿಂತಿದೆ. ಕ್ಯಾಮೆರಾ ಅದನ್ನು ಕೆಳಗಿನಿಂದ ನೋಡುತ್ತದೆ. ಒಮ್ಮೊಮ್ಮೆ ಕಲ್ಲಿನಲ್ಲಿ ಮುಖ ಕಾಣುತ್ತದೆ. ಒಮ್ಮೊಮ್ಮೆ ಸಂದಿನ ಒಳಗಿಂದ ಯಾರೋ ಹುಡುಗಿಯರನ್ನು ನೋಡುತ್ತಿರುವ ಹಾಗೆ ಕ್ಯಾಮೆರಾ ಇಟ್ಟಿದ್ದಾರೆ. ಯಾರು ನೋಡುತ್ತಿದ್ದಾರೆ? ಯಾರೂ ಇಲ್ಲ. ಬರೀ ಕಲ್ಲು. ಗಾಡಿಯಲ್ಲಿ ಬರುವಾಗ ಒಬ್ಬ ಹುಡುಗಿ, ಇದು ಇಷ್ಟು ಲಕ್ಷ ವರ್ಷ ನಮಗಾಗಿಯೇ ಕಾದಿದೆ ಎಂದು ಖುಷಿಯಿಂದ ಹೇಳುತ್ತಾಳೆ. ಆಗ ಅದು ಸುಮ್ನೆ ಮಕ್ಕಳ ಮಾತು. ಎರಡನೇ ಸಲ ನೋಡುವಾಗ ಆ ಮಾತಿಗೆ ಮೈ ಜುಂ ಎನ್ನುತ್ತದೆ.

ನಮಗೆ ಇದು ಹೊಸದಲ್ಲ. ಕೊಡಗಿನಲ್ಲಿ 1200ಕ್ಕೂ ಜಾಸ್ತಿ ದೇವರಕಾಡುಗಳಿವೆ. ಒಳಗೆ ಹೋಗುವಾಗ ಚಪ್ಪಲಿ ಬಿಡುತ್ತೇವೆ, ಸೌದೆ ತರುವುದಿಲ್ಲ, ಜೋರಾಗಿ ಮಾತಾಡುವುದಿಲ್ಲ. ಯಾಕೆ ಎಂದು ಚಿಕ್ಕವರಿದ್ದಾಗ ಕೇಳಿದರೆ ದೊಡ್ಡವರು ಕಾರಣ ಹೇಳುತ್ತಿರಲಿಲ್ಲ, ಹಾಗೆ ಮಾಡಬಾರದು ಅಷ್ಟೇ ಎನ್ನುತ್ತಿದ್ದರು. ಜಾಗ ನಮ್ಮದಲ್ಲ, ನಾವು ಬಂದು ಹೋಗುವವರು ಎಂಬುದು ಆ ಮಾತಿನಲ್ಲೇ ಇತ್ತು. ಈ ಸಿನಿಮಾದ ಹುಡುಗಿಯರೂ ಬೂಟು ಕಳಚುತ್ತಾರೆ ನೋಡಿ. ಆದರೆ ಅವರಿಗೆ ಇಲ್ಲಿಯವರೆಗೆ ಬರಬಹುದು, ಇದರಾಚೆ ಬೇಡ ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ.

ಹೇಳಬಲ್ಲವರು ಇದ್ದರು, ಅವರನ್ನು ಓಡಿಸಿಬಿಟ್ಟಿದ್ದರು. ಇದನ್ನು ಹೇಳದೆ ಮುಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಆ ಬಂಡೆಯ ಹಳೆಯ ಹೆಸರು ಙನ್ನೆಲಾಂಗ್. ವುರುಂಡ್ಜೆರಿ, ತೌಂಗುರುಂಗ್, ಡ್ಜಾ ಡ್ಜಾ ವುರುಂಗ್ ಎಂಬ ಮೂಲನಿವಾಸಿ ಜನರ ನೆಲಗಳು ಕೂಡುವ ಜಾಗ ಅದು. ಸಾವಿರಾರು ವರ್ಷ ಅಲ್ಲಿ ಸೇರುತ್ತಿದ್ದವರನ್ನು ಬಿಳಿಯರು ಬಂದು ಕೆಲವೇ ದಶಕಗಳಲ್ಲಿ ಎತ್ತಂಗಡಿ ಮಾಡಿದರು. ಇವತ್ತು ಅಲ್ಲಿಗೆ ಹೋಗುವ ಪ್ರವಾಸಿಗಳು ಮಿರಾಂಡಾ ಮಿರಾಂಡಾ ಎಂದು ಕೂಗುತ್ತಾರೆ. ಕಥೆಯಲ್ಲಿ ಕಳೆದುಹೋದ ಹುಡುಗಿಗಾಗಿ ಕೂಗುತ್ತೀರಿ, ನಿಜವಾಗಿ ಕಳೆದುಹೋದವರ ಹೆಸರು ಕೇಳುವುದಿಲ್ಲವಲ್ಲ ಎಂದು 2017ರಲ್ಲಿ ಅಲ್ಲಿ ಒಂದು ಅಭಿಯಾನವೇ ನಡೆಯಿತು. ನನಗೆ ಆ ಮಾತು ನ್ಯಾಯ ಅನ್ನಿಸುತ್ತದೆ. ಕಾಡಿನ ಒಂದೊಂದು ಮರಕ್ಕೂ ಹೆಸರು ಗೊತ್ತಿದ್ದ ಜೇನುಕುರುಬರು, ಯರವರು ನಾಗರಹೊಳೆಯಿಂದ ಹೊರಗೆ ಬಂದು ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಇರುವುದನ್ನು ನೋಡುತ್ತಾ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿನಿಮಾವನ್ನು ನಾನು ಪ್ರೀತಿಸುತ್ತೇನೆ. ಆದರೂ ಇದು ಅದರ ದೊಡ್ಡ ಕೊರತೆ.

ಸರಿ, ಇಷ್ಟು ಕಡಿಮೆ ದುಡ್ಡಿನಲ್ಲಿ ಆ ಗುಂಗು ಹೇಗೆ ಬಂತು? ಇಲ್ಲಿ ಮೊಬೈಲ್‌ನಲ್ಲಿ, ಸಣ್ಣ ಕ್ಯಾಮೆರಾದಲ್ಲಿ ಕಿರುಚಿತ್ರ ಮಾಡುವ ಹುಡುಗರು ಹಿಂದೆ ನಿಂತಿದ್ದೀರಿ, ನಿಮಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ಯಾಮೆರಾ ಹಿಡಿದವರು ರಸೆಲ್ ಬಾಯ್ಡ್. ಅವರು ಲೆನ್ಸ್ ಮುಂದೆ ಮದುಮಗಳು ಮುಖಕ್ಕೆ ಹಾಕುವ ತೆಳು ಪರದೆಯ ಬಟ್ಟೆಯನ್ನು ಕಟ್ಟಿದರು. ಅಷ್ಟೇ! ಅದರಿಂದ ಬೆಳಕು ಅಂಚಿನಲ್ಲಿ ಕರಗುತ್ತದೆ, ಬಿಳಿ ಬಟ್ಟೆ ಹೊಳೆಯುತ್ತದೆ, ಹಳೆಯ ಚಿತ್ರಕಾರರ ಪೇಂಟಿಂಗ್ ನೋಡಿದ ಹಾಗಿರುತ್ತದೆ. ಈ ಕೆಲಸಕ್ಕೆ ಅವರಿಗೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂತು. ಕೆಲವು ಕಡೆ ಚಲನೆಯನ್ನು ಬಹಳ ಸ್ವಲ್ಪ ನಿಧಾನ ಮಾಡಿದ್ದಾರೆ. ಅದು ಕಣ್ಣಿಗೆ ನೇರ ಗೊತ್ತಾಗುವುದಿಲ್ಲ, ಆದರೆ ಏನೋ ಸರಿಯಿಲ್ಲ ಎಂದು ಒಳಗೆ ಅನ್ನಿಸುತ್ತಿರುತ್ತದೆ.

ಆಮೇಲೆ ಸದ್ದು. ಘೆಯೋರ್ಗೆ ಝಾಂಫಿರ್ ಎಂಬ ರೊಮೇನಿಯಾದ ಕಲಾವಿದರ ಪ್ಯಾನ್ ಕೊಳಲು ಇದೆಯಲ್ಲ, ಅದು ಎಲ್ಲರಿಗೂ ನೆನಪಿರುತ್ತದೆ. ಬಿದಿರಿನ ಕೊಳವೆಗಳನ್ನು ಸಾಲಾಗಿ ಜೋಡಿಸಿದ ವಾದ್ಯ ಅದು. ಊದುವ ಉಸಿರು ಕೂಡ ಕೇಳಿಸುತ್ತದೆ. ಅದರ ಜೊತೆಗೆ ಬೀಥೋವನ್ ಸಂಗೀತವೂ ಇದೆ. ಆದರೆ ನಾನು ಹೇಳಬೇಕಾದದ್ದು ಇನ್ನೊಂದು ಸದ್ದಿನ ಬಗ್ಗೆ. ಭೂಕಂಪದ ಸದ್ದನ್ನು ಸಿನಿಮಾದ ಒಳಗೆ ಸೇರಿಸಿದ್ದೇನೆ ಎಂದು ವಿಯರ್ ಅವರೇ ಹೇಳಿಕೊಂಡಿದ್ದಾರೆ. ಕಿವಿಗೆ ಕೇಳಿಸಿತು ಎಂದು ಹೇಳಲು ಆಗದಷ್ಟು ಕೆಳಗಿನ ಗುಡುಗು ಅದು. ಚೆಂಬು, ಕರಿಕೆ ಕಡೆಯವರು ಯಾರಾದರೂ ಇದ್ದೀರಾ? 2022ರ ಜೂನ್, ಜುಲೈನಲ್ಲಿ ನಿಮ್ಮಲ್ಲಿ ನೆಲ ನಡುಗಿತಲ್ಲ, ಆಗ ಸದ್ದು ಹೇಗಿತ್ತು? (ಹಿಂದಿನ ಸಾಲಿನಿಂದ ಒಬ್ಬರು, 'ಲಾರಿ ಬಂದ ಹಾಗೆ, ಆದರೆ ಕಾಲಿನ ಕೆಳಗಿಂದ' ಎಂದರು.) ಕೇಳಿದಿರಲ್ಲ. ಕಾಲಿನ ಕೆಳಗಿಂದ ಬರುವ ಸದ್ದು. ಹುಡುಗಿಯರು ಬಂಡೆ ಹತ್ತುವಾಗ ನಮಗೆ ಹೊಟ್ಟೆಯಲ್ಲಿ ಆಗುವ ಸಂಕಟಕ್ಕೆ ಒಂದು ಕಾರಣ ಅದು. ಇದಕ್ಕೆ ಬೇಕಾದದ್ದು ತಾಳ್ಮೆ, ಒಳ್ಳೆಯ ಕಿವಿ. ದುಡ್ಡು ಆಮೇಲೆ.

ನನಗೊಂದು ಆಸೆ ಇದೆ, ಹೇಳಿಬಿಡುತ್ತೇನೆ. ನಮ್ಮ ಮಂಜನ್ನು, ನಮ್ಮ ಮಳೆಯನ್ನು ಎಷ್ಟೋ ಸಿನಿಮಾದವರು ಬಂದು ಹಾಡಿಗೆ ಬಳಸಿಕೊಂಡು ಹೋಗಿದ್ದಾರೆ. ಚಂದವೇ. ಆದರೆ ಕಕ್ಕಡ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಮಳೆ ತಿಂಗಳಲ್ಲಿ ಹತ್ತು ದಿನ ಬಿಸಿಲು ಕಾಣದೆ, ಬಟ್ಟೆ ಒಣಗದೆ, ಗೋಡೆ ಬೆವರುತ್ತಿರುವಾಗ, ತೋಟದಾಚೆ ಯಾರೋ ನಡೆದ ಹಾಗೆ ಸದ್ದಾಗಿ ನಾಯಿ ಎದ್ದು ನಿಂತು ಆದರೆ ಬೊಗಳದೆ ಸುಮ್ಮನೆ ನೋಡುತ್ತಿರುತ್ತದಲ್ಲ, ಅದನ್ನು ಯಾರೂ ಇನ್ನೂ ಸರಿಯಾಗಿ ತೆಗೆದಿಲ್ಲ. ಇಲ್ಲೇ ಇರುವವರು ತೆಗೆಯಬೇಕು.

ಈಗ ಉತ್ತರದ ವಿಷಯ. ಅಜ್ಜ, ನಿಮ್ಮ ಹಾಗೇ ಕೇಳಿದವರು ಲೋಕದಲ್ಲಿ ತುಂಬ ಜನ. ಅಮೆರಿಕದ ಒಬ್ಬ ವಿತರಕರಿಗೆ ಈ ಸಿನಿಮಾ ತೋರಿಸಿದಾಗ, ಉತ್ತರವೇ ಇಲ್ಲದ ಕಥೆಗೆ ಎರಡು ಗಂಟೆ ಹಾಳು ಮಾಡಿದರು ಎಂಬ ಸಿಟ್ಟಿನಲ್ಲಿ ಕೊನೆಗೆ ಕಾಫಿ ಲೋಟವನ್ನೇ ಪರದೆಗೆ ಎಸೆದರಂತೆ. ಇದನ್ನು ವಿಯರ್ ಅವರೇ ಹೇಳಿದ್ದಾರೆ. ಅಲ್ಲಿ ಸಿನಿಮಾ ಬಿಡುಗಡೆ ಆದದ್ದು 1979ರಲ್ಲಿ. ಇದು ನಿಜವಾಗಿ ನಡೆದದ್ದೇ ಎಂದು ನಂಬಿದವರೂ ತುಂಬ. ಹಳೆಯ ಪತ್ರಿಕೆಗಳನ್ನು ತಿರುವಿ ಹಾಕಿದರು, ಅಂಥ ಸುದ್ದಿ ಸಿಗಲಿಲ್ಲ. ಸಿನಿಮಾದ ಶುರುವಿನಲ್ಲಿ ಶನಿವಾರ, 14 ಫೆಬ್ರವರಿ 1900 ಎಂದು ಬರುತ್ತದೆ. ಆದರೆ ಕ್ಯಾಲೆಂಡರ್ ಲೆಕ್ಕ ಹಾಕಿ ನೋಡಿ, ಅವತ್ತು ಬುಧವಾರ. ಅಂಥ ಶನಿವಾರ ಯಾವತ್ತೂ ಬಂದೇ ಇಲ್ಲ! ನನಗೆ ಇದು ತುಂಬ ಇಷ್ಟ. ಲಿಂಡ್ಸೆ ಕಾದಂಬರಿ ಪ್ರಕಟಿಸಿದಾಗ ಅವರಿಗೆ ಸುಮಾರು 70 ವಯಸ್ಸು. ಇದು ನಡೆದದ್ದೋ ಕಟ್ಟಿದ್ದೋ ಓದುವವರೇ ತೀರ್ಮಾನಿಸಲಿ ಎಂದು ಪುಸ್ತಕದ ಮೊದಲಲ್ಲೇ ಬರೆದರು. ಗಡಿಯಾರಗಳ ಜೊತೆ ಅವರಿಗೆ ಮೊದಲಿಂದಲೂ ಹೊಂದಿಕೆ ಇರಲಿಲ್ಲ. ತಮ್ಮ ಬದುಕಿನ ಕಥೆಗೆ ಅವರು ಇಟ್ಟ ಹೆಸರೇ ಗಡಿಯಾರಗಳಿಲ್ಲದ ಕಾಲ ಎಂಬ ಅರ್ಥದ್ದು.

ಇನ್ನೊಂದು ಸಂಗತಿ. ಲಿಂಡ್ಸೆ ಮೊದಲು ಬರೆದಾಗ ಕೊನೆಗೆ ಇನ್ನೊಂದು ಅಧ್ಯಾಯ ಇತ್ತು, ಹುಡುಗಿಯರಿಗೆ ಏನಾಯಿತು ಎಂದು ಅದರಲ್ಲಿ ಇತ್ತು. ಪ್ರಕಾಶಕರ ಕಡೆಯವರು ಅದನ್ನು ತೆಗೆದರೆ ಒಳ್ಳೆಯದು ಎಂದರು, ಅವರು ಒಪ್ಪಿದರು. 1984ರಲ್ಲಿ ಅವರು ತೀರಿಕೊಂಡರು. 1987ರಲ್ಲಿ ಆ ಅಧ್ಯಾಯ ಅಚ್ಚಾಯಿತು. ಅಂದರೆ ಉತ್ತರ ಅಂಗಡಿಯಲ್ಲಿ ಸಿಗುತ್ತದೆ. ನಾನು ಓದಿದ್ದೇನೆ. ಅದರಲ್ಲಿ ಏನಿದೆ ಎಂದು ಇಲ್ಲಿ ಹೇಳುವುದಿಲ್ಲ, ಬೇಕಾದವರು ಓದಿ. ಓದಿದ ಮೇಲೆ ಸಿನಿಮಾವನ್ನು ಮತ್ತೆ ನೋಡಿದೆ. ನನ್ನೊಳಗಿನ ಕಳವಳ ಒಂದು ಚೂರೂ ಕಡಿಮೆಯಾಗಿರಲಿಲ್ಲ. ಆಗ ನನಗೆ ಹೊಳೆಯಿತು. ನನ್ನನ್ನು ಕಾಡುತ್ತಿದ್ದದ್ದು ಹುಡುಗಿಯರು ಎಲ್ಲಿಗೆ ಹೋದರು ಎಂಬುದಲ್ಲ. ಉಳಿದವರು ಹೇಗೆ ಬದುಕಬೇಕು ಎಂಬುದು.

ಸಿನಿಮಾದ ಎರಡನೇ ಭಾಗ ಎಳೆದ ಹಾಗಿದೆ ಎಂದು ತುಂಬ ಜನ ಹೇಳುತ್ತಾರೆ. ವಿಯರ್‌ಗೂ ಸ್ವಲ್ಪ ಹಾಗೆ ಅನ್ನಿಸಿತೋ ಏನೋ, 1998ರಲ್ಲಿ ಮತ್ತೆ ಕೂತು ಸುಮಾರು ಏಳು ನಿಮಿಷ ಕತ್ತರಿಸಿದರು. ನಿರ್ದೇಶಕರ ಆವೃತ್ತಿ ಅಂದರೆ ಉದ್ದವಾಗುವುದೇ ಜಾಸ್ತಿ, ಇಲ್ಲಿ ಚಿಕ್ಕದಾಯಿತು. ಆದರೆ ನನಗೆ ಸಿನಿಮಾದ ಜೀವ ಇರುವುದೇ ಆ ಎರಡನೇ ಭಾಗದಲ್ಲಿ. ಊರವರು ಸಾಲಾಗಿ ನಿಂತು ಕೋಲಿನಿಂದ ಪೊದೆ ಬಡಿಯುತ್ತಾರೆ. ಮೈಕಲ್ ಎಂಬ ಹುಡುಗ, ಹುಡುಗಿಯರು ತೊರೆ ದಾಟುವುದನ್ನು ಕಂಡವನು, ನಿದ್ದೆ ಬಾರದೆ ಮತ್ತೆ ಬಂಡೆಗೆ ಹೋಗುತ್ತಾನೆ. ಸಂಬಂಧವೇ ಇಲ್ಲದ ಹುಡುಗಿಯರು, ಒಂದೇ ಒಂದು ಸಲ ನೋಡಿದ್ದು. ಶಾಲೆಯಿಂದ ತಂದೆ ತಾಯಿಗಳು ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಮಿಸೆಸ್ ಆ್ಯಪಲ್‌ಯಾರ್ಡ್ ಕುಡಿಯಲು ಶುರು ಮಾಡುತ್ತಾರೆ. ಕೈಗವಸನ್ನು ಎಲ್ಲಿ ತೆಗೆಯಬೇಕು ಎಂದು ಕೂಡ ಆಜ್ಞೆ ಮಾಡುತ್ತಿದ್ದವರು!

ಇರ್ಮಾ ಮರಳಿ ಬಂದ ಮೇಲಿನ ಒಂದು ದೃಶ್ಯ ಇದೆ. ಅವಳು ಊರಿಗೆ ಹೋಗುವ ಮುಂಚೆ ಗೆಳತಿಯರನ್ನು ನೋಡಲು ಡಾನ್ಸ್ ಕ್ಲಾಸಿಗೆ ಬರುತ್ತಾಳೆ. ಕೆಂಪು ಮೇಲಂಗಿ ಹಾಕಿದ್ದಾಳೆ, ಉಳಿದವರೆಲ್ಲ ಬಿಳಿ. ಮೊದಲು ಯಾರೂ ಮಾತಾಡುವುದಿಲ್ಲ. ಆಮೇಲೆ ಎಲ್ಲರೂ ಮುತ್ತಿಕೊಳ್ಳುತ್ತಾರೆ. ಹೇಳು, ಏನಾಯಿತು ಹೇಳು, ಅವರೆಲ್ಲಿ ಹೇಳು ಎಂದು ಕೂಗುತ್ತಾ ಅವಳನ್ನು ಎಳೆದಾಡುತ್ತಾರೆ. ಅವಳಿಗೆ ಗೊತ್ತಿಲ್ಲ. ಅವಳು ಅಳುತ್ತಾಳೆ. ಗೊತ್ತಿಲ್ಲ ಅನ್ನುವುದನ್ನು ಅವರು ನಂಬುವುದಿಲ್ಲ. ಇಲ್ಲಿ ಸಿನಿಮಾ ನಮ್ಮ ಕಡೆಗೇ ತಿರುಗಿದೆ ಎಂದು ನನಗೆ ಅನ್ನಿಸುತ್ತದೆ. ಒಂದು ಗಂಟೆಯಿಂದ ನಾವೂ ಅದನ್ನೇ ಕೇಳುತ್ತಾ ಕೂತಿದ್ದೇವೆ, ಹೇಳು ಹೇಳು ಎಂದು. ಬದುಕಿ ಬಂದವಳ ಮೇಲೆ ಆ ಪ್ರಶ್ನೆ ಎಷ್ಟು ಭಾರ ಎಂದು ಆ ದೃಶ್ಯ ತೋರಿಸುತ್ತದೆ. ಬೆಟ್ಟದಿಂದ ಇಳಿಯುವಾಗ ನನ್ನ ಬೆಂಚಿನ ಹುಡುಗಿಯನ್ನು ನಾನು ಹೇಗೆ ಕೇಳಿದ್ದೆನೋ, ಮೈಸೂರಿಗೆ ಫೋನ್ ಮಾಡಿ ಮತ್ತೆ ಹೇಗೆ ಕೇಳಿದೆನೋ, ಅದು ನೆನಪಾಗಿ ಮನಸ್ಸಿಗೆ ಕಷ್ಟವಾಯಿತು.

ಇಲ್ಲಿ ಒಂದು ಮಾತು ಹೇಳಬೇಕು, ಮೆಲ್ಲಗೆ ಹೇಳುತ್ತೇನೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ ಬೆಟ್ಟಗಳು ಕುಸಿದದ್ದನ್ನು ನಾವೆಲ್ಲ ಕಂಡಿದ್ದೇವೆ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಬ್ರಹ್ಮಗಿರಿಯ ಮೈ ಜಾರಿತು, ಮನೆಗಳ ಜೊತೆ ಜನರೂ ಹೋದರು. ಆ ಮಳೆಯಲ್ಲೇ ದಿನಗಟ್ಟಲೆ ಹುಡುಕಿದರು. ಎಲ್ಲರೂ ಸಿಗಲಿಲ್ಲ. ಅಲ್ಲಿ ಏನಾಯಿತು ಎಂದು ನಮಗೆ ಗೊತ್ತು, ಅದು ರಹಸ್ಯವಲ್ಲ, ಕಥೆಯೂ ಅಲ್ಲ. ಆದರೂ ಸಿಗಲಿಲ್ಲ ಎಂಬ ಮಾತು ಮನೆಯವರ ಒಳಗೆ ಏನು ಮಾಡುತ್ತದೆ? ಯಾವ ದಿನ ತಿಥಿ ಮಾಡುವುದು, ಯಾವ ಹೊತ್ತಿಗೆ ಬಾಗಿಲು ಹಾಕುವುದು? ಇದು ನಮ್ಮ ಜಿಲ್ಲೆಯಲ್ಲಿ ಸಿನಿಮಾದ ಪ್ರಶ್ನೆ ಅಲ್ಲ. ಅದಕ್ಕೇ ಇರಬೇಕು, ನಿಮ್ಮಲ್ಲಿ ಯಾರೂ ಇವತ್ತು ಲೋಟ ಎಸೆಯಲಿಲ್ಲ. ಕೊನೆಯಲ್ಲಿ ಮಿರಾಂಡಾ ತಿರುಗಿ ಮುಂದೆ ನೋಡುವಾಗ ಚಿತ್ರ ನಿಂತುಬಿಡುತ್ತದಲ್ಲ, ಆಗ ಈ ಹಾಲ್‌ನಲ್ಲಿ ಒಬ್ಬರೂ ಅಲುಗಲಿಲ್ಲ. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ.

ನನ್ನ ಮಾತು ಇಲ್ಲಿಗೆ ಮುಗಿದಿತ್ತು. ಆಮೇಲೆ ನಡೆದದ್ದನ್ನೂ ಬರೆಯಬೇಕು.

ಪ್ರಶ್ನೆ ಇದ್ದರೆ ಕೇಳಿ ಎಂದಾಗ ಮೂರ್ನಾಡಿನಿಂದ ಬಂದ ಒಬ್ಬ ಅಕ್ಕ ಎದ್ದು ನಿಂತರು. ತುಂಬ ವರ್ಷ ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ವಾರ್ಡನ್ ಆಗಿದ್ದವರು. 'ನೀವು ಎಲ್ಲರ ಹೆಸರೂ ಹೇಳಿದಿರಿ. ಆ ಸಾರಾ ಅನ್ನುವ ಮಗುವಿನ ಹೆಸರು ಹೇಳಲೇ ಇಲ್ಲವಲ್ಲಾ' ಎಂದರು.

ನಾನು ಮುಕ್ಕಾಲು ಗಂಟೆ ಮಾತಾಡಿದ್ದೆ. ಅವರು ಹೇಳಿದ್ದು ನಿಜ. ಸಾರಾ ತಬ್ಬಲಿ ಹುಡುಗಿ. ಅವತ್ತು ಅವಳನ್ನು ಪಿಕ್ನಿಕ್ಕಿಗೆ ಕಳಿಸುವುದಿಲ್ಲ, ಶಾಲೆಯಲ್ಲೇ ಉಳಿಸುತ್ತಾರೆ. ಅವಳಿಗೆ ಮಿರಾಂಡಾ ಅಂದರೆ ಪ್ರಾಣ. ಮಿರಾಂಡಾ ಮರಳಿ ಬರಲಿಲ್ಲ. ಇತ್ತ ಫೀಸು ಬಂದಿಲ್ಲ, ಮತ್ತೆ ಅನಾಥಾಶ್ರಮಕ್ಕೆ ಕಳಿಸುತ್ತೇನೆ ಎಂದು ಮೇಡಂ ಹೇಳುತ್ತಾರೆ. ಒಂದು ಬೆಳಿಗ್ಗೆ ತೋಟದ ಗಾಜಿನ ಮನೆಯಲ್ಲಿ ಸಾರಾ ಸತ್ತು ಬಿದ್ದಿರುತ್ತಾಳೆ, ಮೇಲಿನಿಂದ ಗಾಜು ಒಡೆದುಕೊಂಡು. ಅವಳನ್ನು ನೋಡಿಕೊಳ್ಳುವವರು ಬಂದು ಕರೆದುಕೊಂಡು ಹೋದರು ಎಂದು ಮೇಡಂ ಆಗಲೇ ಹೇಳಿಬಿಟ್ಟಿರುತ್ತಾರೆ. ಮೈಕಲ್‌ನ ಜೊತೆ ಬಂಡೆಯಲ್ಲಿ ಹುಡುಕಿದ, ಇರ್ಮಾಳನ್ನು ಕಂಡುಹಿಡಿದ ಗಾಡಿ ಹುಡುಗ ಆಲ್ಬರ್ಟ್, ಅವನೂ ಅನಾಥಾಶ್ರಮದಲ್ಲಿ ಬೆಳೆದವನು. ಸಾರಾ ಅವನ ಸ್ವಂತ ತಂಗಿ. ಅಷ್ಟು ಹತ್ತಿರ ಇದ್ದರೂ ಇಬ್ಬರಿಗೂ ಕೊನೆಯವರೆಗೆ ಅದು ಗೊತ್ತಾಗುವುದಿಲ್ಲ. ತಂಗಿ ಬಂದು ಹೋಗಿಬರುತ್ತೇನೆ ಎಂದ ಹಾಗೆ ಅವನಿಗೆ ಒಂದು ಕನಸು ಬೀಳುತ್ತದೆ, ಅಷ್ಟೇ. ಈ ಸಿನಿಮಾ ನೋಡುವವರಿಗೆ ಬಿಡಿಸಿ ಹೇಳುವ ರಹಸ್ಯ ಇದೊಂದೇ. ಅದನ್ನು ಒಳಗಿನ ಯಾರೂ ಕೇಳಲೇ ಇಲ್ಲ.

ಇದನ್ನೆಲ್ಲ ಅಕ್ಕ ನನಗಿಂತ ಚೆನ್ನಾಗಿ ಗಮನಿಸಿದ್ದರು. ಎಲ್ಲರೂ ಬೆಟ್ಟದಲ್ಲಿ ಹುಡುಕುತ್ತಿದ್ದರು, ಮನೆಯಲ್ಲೇ ಇದ್ದ ಮಗುವನ್ನು ಯಾರೂ ನೋಡಲಿಲ್ಲ ಎಂದರು. ಕೊಡೆ ಕೈಗೆತ್ತಿಕೊಂಡು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರು. ಹಾಸ್ಟೆಲ್‌ಗೆ ರಜೆ ಕೊಟ್ಟಾಗ ಎಲ್ಲ ಮಕ್ಕಳನ್ನೂ ಮನೆಯವರು ಬಂದು ಕರೆದುಕೊಂಡು ಹೋಗುತ್ತಿದ್ದರಂತೆ. ಒಂದೋ ಎರಡೋ ಮಕ್ಕಳು ಮಾತ್ರ ಉಳಿಯುತ್ತಿದ್ದವಂತೆ, ಯಾರೂ ಬರದೆ. 'ಅಷ್ಟು ಮಕ್ಕಳಿದ್ದಾಗ ನಾನು ರಾತ್ರಿ ಒಂದು ಸಲ ಎದ್ದು ನೋಡುತ್ತಿದ್ದೆ. ಆ ಎರಡೇ ಇರುವಾಗ ಮೂರು ಸಲ ಎದ್ದು ನೋಡುತ್ತಿದ್ದೆ' ಎಂದರು.